ಮೇಷ್ಟ್ರ ಅನುಮಾನ

ಬಸವನಗುಡಿ
15 ನವೆಂಬರ್ 2025, ಶನಿವಾರ

ಗಮಕದ ಮೇಷ್ಟ್ರ ಹೆಸರನ್ನ ಗೂಗಲ್‌ನಲ್ಲಿ ಹುಡುಕಿದರೆ ಅವರ ತರಗತಿಯ ಸೈಟ್‌ನ ವಿಳಾಸದ ಕೆಳಗೆ ಸಾಲುಸಾಲು ಜಪಾನಿ ಅಕ್ಷರ. ವಾಚು, ಶೂಸು, ಹೆಂಗಸರ ಕೈಚೀಲ. ಮೈಸೂರಿನ ಹಳೇ ಶಿಷ್ಯೆಯೊಬ್ಬಳು ಫೋನ್ ಮಾಡಿ "ಏನ್ ಸಾರ್, ಹೊಸ ವ್ಯಾಪಾರ?" ಅಂದಳಂತೆ. ಇವರು ಮೊಬೈಲಿನಲ್ಲಿ ತೆಗೆದು ನೋಡಿದರೆ ಎಲ್ಲ ನೆಟ್ಟಗಿದೆ. ಸರಸ್ವತಿ ಪಟ ಇದೆ, ತರಗತಿಯ ವೇಳೆ ಇದೆ. ಸೈಟ್‌ಗೆ ಯಾರೋ ಕನ್ನ ಹಾಕಿದ್ದಾರೆ, ಇಂಥದ್ದರ ಕುತಂತ್ರವೇ ಅದು. ಬಂದಿರೋದು ಪುಟಗಳನ್ನ ಓದಿಕೊಂಡು ಹೋಗೋ ಗೂಗಲ್‌ನ ಬಾಟ್, ಅಂದರೆ ಯಂತ್ರ, ಆದರೆ ಜಪಾನಿ ಪುಟ ಕೊಡುತ್ತೆ, ಮನುಷ್ಯರಾದರೆ ಎಂದಿನ ಪುಟ. ಊರಿಗೆಲ್ಲ ಗೊತ್ತಾದ ಮೇಲೆ ಮನೆಯವರಿಗೆ ಗೊತ್ತಾಗೋದು.

ಸಂಜೆ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ನಡೆದೇ ಹೋದೆ. ಪರಿಷೆ ಸೋಮವಾರ ಶುರು, ಬುಲ್ ಟೆಂಪಲ್ ರಸ್ತೆಯಲ್ಲಿ ಆಗಲೇ ಕಡಲೆಕಾಯಿ ಸುರಿದುಕೊಂಡು ಕೂತಿದ್ದಾರೆ. ಗಾಡಿ ತಗೊಂಡು ಹೋಗೋ ಮಾತೇ ಇಲ್ಲ.

ಮೇಷ್ಟ್ರು ಬಾಗಿಲು ಹಾಕಿ, ದನಿ ತಗ್ಗಿಸಿ, "ಯಾರು ಮಾಡಿದ್ದು ಅಂತ ನಂಗೆ ಗೊತ್ತು" ಅಂದರು.

ವ್ಯಾಖ್ಯಾನದ ರಾಯರ ಮೇಲೆ ಅನುಮಾನ! ಇವರು ವಾಚನ, ಅವರು ವ್ಯಾಖ್ಯಾನ ಅಂತ ಎಷ್ಟು ವರ್ಷದ ಜೋಡಿ. ದಸರೆಯಲ್ಲಿ ಯಾವುದೋ ವೇದಿಕೆಯ ಮೇಲೆ ಯಾರ ಹೆಸರು ಮೊದಲು ಹೇಳಬೇಕು ಅನ್ನೋದಕ್ಕೆ ಮುನಿಸಾಯಿತು, ಅಲ್ಲಿಂದ ಮಾತಿಲ್ಲ. "ಅವನ ಮಗ ಸಾಫ್ಟ್‌ವೇರು ಕಣಮ್ಮಾ. ಬೆಳ್ಳಂದೂರಿನ ಕಡೆ. ಇವೆಲ್ಲ ಅವನಿಗೆ ಲೀಲಾಜಾಲ."

ನಗು ತಡೆದುಕೊಂಡು ಸರ್ವರ್‌ನ ಲಾಗ್, ಅಂದರೆ ಯಾವಾಗ ಯಾವ ಪುಟ ಕೇಳಿದರು ಅನ್ನೋ ದಾಖಲೆ, ತೆಗೆದು ತೋರಿಸಿದೆ. ಬೆಳಗಿನ ಜಾವದ ಒಂದು ನಿಮಿಷವನ್ನ ಮಾತ್ರ. ಮೇಷ್ಟ್ರ ಸೈಟ್ ಕಟ್ಟಿರೋದು ವರ್ಡ್‌ಪ್ರೆಸ್ ಅನ್ನೋ ತಂತ್ರಾಂಶದಲ್ಲಿ, ಅದರ ಲಾಗಿನ್ ಪುಟ ಕೇಳಿದ್ದಾರೆ, ಸರಿ. ಅದರ ಹಿಂದೆಯೇ ಜೂಮ್ಲಾದ ಅಡ್ಮಿನ್ ಪುಟ ಕೇಳಿದ್ದಾರೆ, ದ್ರುಪಾಲ್‌ನ ಫೈಲ್ ಕೇಳಿದ್ದಾರೆ. ಅಂಥದ್ದೇ ಬೇರೆ ತಂತ್ರಾಂಶಗಳಾದ ಇವೆರಡೂ ಮೇಷ್ಟ್ರ ಸೈಟ್‌ನಲ್ಲಿ ಯಾವತ್ತೂ ಇರಲಿಲ್ಲ. ಆಮೇಲೆ ಫೈಲ್ ಮ್ಯಾನೇಜರ್ ಅನ್ನೋ ಪ್ಲಗಿನ್‌ನ (ವರ್ಡ್‌ಪ್ರೆಸ್‌ಗೆ ಸಿಕ್ಕಿಸಿಕೊಳ್ಳೋ ಬಿಡಿಭಾಗ) ಒಂದು ಮೂಲೆಯ ಫೈಲು. 2020ರ ಸೆಪ್ಟೆಂಬರ್‌ನಲ್ಲಿ ಅದರಲ್ಲೊಂದು ತೂತು ಸಿಕ್ಕಿತ್ತು, ಲಾಗಿನ್ ಕೂಡ ಆಗದೆ ಯಾರು ಬೇಕಾದರೂ ತಮ್ಮ ಫೈಲನ್ನ ಒಳಗೆ ತೂರಿಸಬಹುದಾಗಿತ್ತು. ಆಗ 7 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿತ್ತು ಆ ಪ್ಲಗಿನ್. 6.9ನೇ ಆವೃತ್ತಿಯಲ್ಲಿ ಸರಿಮಾಡಿಯೂ ಐದು ವರ್ಷ ಆಯಿತು, ಬಾಟ್‌ಗಳು ಇನ್ನೂ ಕೇಳುತ್ತಲೇ ಇವೆ.

"ರಾಯರ ಮಗನಾಗಿದ್ದರೆ ನಿಮ್ಮದು ವರ್ಡ್‌ಪ್ರೆಸ್ ಅಂತ ನೋಡಿಕೊಂಡೇ ಬರ್ತಿದ್ದ. ಇದು ಯಾರ ಮನೆ ಅಂತಲೂ ಕೇಳದೆ ಬೀದಿಯುದ್ದ ಎಲ್ಲರ ಚಿಲಕ ಅಲ್ಲಾಡಿಸಿಕೊಂಡು ಹೋಗೋ ಯಂತ್ರ, ಮೇಷ್ಟ್ರೇ."

ಸುಮಾರು ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನ್ನನ್ನ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ ಅನ್ನು" ಅಂದರು. ಸಮಾಧಾನಕ್ಕಿಂತ ಬೇಜಾರೇ ಹೆಚ್ಚಿದ್ದ ಹಾಗಿತ್ತು.

ನಡುವೆ ಅಮ್ಮನ ಫೋನು. ಬರುವಾಗ ಹಸಿ ಕಾಯಿ ಬೇಡವಂತೆ, ಹುರಿದದ್ದೇ ಬೇಕಂತೆ.

"ಅಷ್ಟು ದೊಡ್ಡವರು ಬರೆದದ್ದರಲ್ಲಿ ತೂತು ಹೇಗಿರುತ್ತೆ?" ಅಂತ ಮೇಷ್ಟ್ರು ಕೇಳಿದರು. ಆಗ ವರ್ಡ್‌ಪ್ರೆಸ್ 4.7ರ ಕತೆ ಹೇಳಿದೆ. ಹೊರಗಿನಿಂದ ಒಂದು ಬರಹವನ್ನ ತಿದ್ದಬೇಕಾದರೆ ಅದರ ನಂಬರ್ ಕೊಡಬೇಕು. 123 ಅನ್ನೋ ಕಡೆ 123ಎಬಿಸಿ ಅಂತ ಕೊಟ್ಟರೆ ಅನುಮತಿ ನೋಡುವ ಭಾಗ "ಈ ಹೆಸರಿನ ಬರಹವೇ ಇಲ್ಲ, ಇನ್ನು ತಡೆಯೋದು ಏನನ್ನ?" ಅಂತ ಬಿಟ್ಟುಕೊಡುತ್ತಿತ್ತು. ತಿದ್ದುವ ಭಾಗ ಬಾಲದ ಅಕ್ಷರಗಳನ್ನ ಉದುರಿಸಿ 123 ಅಂತಲೇ ಓದಿಕೊಂಡು ತಿದ್ದಿಬಿಡುತ್ತಿತ್ತು. ಪಾಸ್‌ವರ್ಡ್ ಗೀಸ್‌ವರ್ಡ್ ಏನೂ ಬೇಡ.

ಮೇಷ್ಟ್ರು ತೊಡೆ ತಟ್ಟಿದರು. "ಪದಚ್ಛೇದ! ಒಬ್ಬ ಇಡಿಯಾಗಿ ಓದಿದ, ಇನ್ನೊಬ್ಬ ಒಡೆದು ಓದಿದ!" ಷಟ್ಪದಿಯ ಸಾಲನ್ನ ತಪ್ಪು ಜಾಗದಲ್ಲಿ ಒಡೆದರೆ ಅರ್ಥ ಎಲ್ಲಿಗೆ ಹೋಗುತ್ತೆ ಅಂತ ಕಾಫಿ ಆರುವವರೆಗೆ ಹೇಳಿದರು. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಆ ತೂತನ್ನ ಇಷ್ಟು ಚೆನ್ನಾಗಿ ಯಾರೂ ಹೇಳಿದ್ದು ಕೇಳಿಲ್ಲ.

ಅದನ್ನ ಮುಚ್ಚಿದ ರೀತಿಯೂ ನನಗೆ ಇಷ್ಟ. 2017ರ ಜನವರಿ 26ಕ್ಕೆ 4.7.2 ಬಿಟ್ಟರು, ಈ ತೂತಿನ ಸುದ್ದಿಯನ್ನೇ ಎತ್ತಲಿಲ್ಲ. ತನ್ನಷ್ಟಕ್ಕೆ ಅಪ್‌ಡೇಟ್ ಆಗುವ ಸೈಟ್‌ಗಳೆಲ್ಲ ಆಗಲಿ ಅಂತ ಕಾದು ಫೆಬ್ರವರಿ 1ಕ್ಕೆ ಬಾಯಿಬಿಟ್ಟರು. ಮುಚ್ಚಿಟ್ಟದ್ದು ತಪ್ಪು ಅಂತ ವಾದಿಸೋರಿದ್ದಾರೆ. ನಾನು ಒಪ್ಪಲ್ಲ. ತೇಪೆ ಹಾಕಿದ ಕೋಡನ್ನ ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ತೂತು ಎಲ್ಲಿತ್ತು ಅಂತ ಯಾರಿಗಾದರೂ ಕಾಣುತ್ತೆ, ಇನ್ನು ಡಂಗುರ ಬೇರೆ ಹೊಡೆಯಬೇಕಾ? ಸುದ್ದಿ ಹೊರಬಿದ್ದ ಮೇಲೆ, ಅಪ್‌ಡೇಟ್ ಆಗದೆ ಉಳಿದಿದ್ದ ಸೈಟ್‌ಗಳ ಪುಟಗಳನ್ನ ಲಕ್ಷಗಟ್ಟಲೆ ಕೆಡಿಸಿದರು.

2014ರಲ್ಲಿ ದ್ರುಪಾಲ್‌ಗೆ ಆದದ್ದು ಇನ್ನೂ ಕೆಟ್ಟದ್ದು. ಅಕ್ಟೋಬರ್ 15ಕ್ಕೆ ತೇಪೆ ಬಂತು. ಎರಡು ವಾರ ಬಿಟ್ಟು ಅವರ ಭದ್ರತಾ ತಂಡವೇ ಹೇಳಿತು, ಪ್ರಕಟಿಸಿದ 7 ಗಂಟೆಯೊಳಗೆ ಅಪ್‌ಡೇಟ್ ಮಾಡದಿದ್ದ ದ್ರುಪಾಲ್ 7 ಸೈಟೆಲ್ಲ ಕೈತಪ್ಪಿದೆ ಅಂತಲೇ ತಿಳಿದುಕೊಳ್ಳಿ ಅಂತ. ಆ 7 ಗಂಟೆ ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ನಾಲ್ಕೂವರೆ. ಇಡೀ ಬೆಂಗಳೂರು ಉಂಡು ಮಲಗಿದ್ದ ಹೊತ್ತು.

ಮೇಷ್ಟ್ರ ಸೈಟ್‌ಗೆ ಇದ್ಯಾವುದೂ ಬೇಕಾಗಿರಲಿಲ್ಲ. ಮಾಡಿಕೊಟ್ಟ ಹುಡುಗ ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮ್, ಅಂದರೆ ಸೈಟ್‌ನ ಸಿದ್ಧ ವಿನ್ಯಾಸ, ಒಂದನ್ನ ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡು ಹಾಕಿದ್ದಾನೆ. ಡಬ್ಲ್ಯೂಪಿ-ವಿಸಿಡಿ ಅನ್ನೋ ಮಾಲ್‌ವೇರ್ ಊರೂರು ಹರಡಿದ್ದು ಇಂಥ ಕದ್ದ ಥೀಮು, ಪ್ಲಗಿನ್‌ಗಳ ಹೆಗಲೇರಿಯೇ. ಮೇಷ್ಟ್ರ ಥೀಮಿನ ಫಂಕ್ಷನ್ಸ್ ಅನ್ನೋ ಫೈಲಿನ ಮೊದಲ ಸಾಲಿನಲ್ಲಿ ಪರದೆಯಿಂದಾಚೆಗೆ, ಬಲಕ್ಕೆ ಸರಿಸುತ್ತ ಹೋದರೆ ಮಾತ್ರ ಕಾಣುವಷ್ಟು ದೂರದಲ್ಲಿ, ಉದ್ದಕ್ಕೂ ಅರ್ಥವಿಲ್ಲದ ಅಕ್ಷರ. ಬಿಚ್ಚಿದರೆ ಜಪಾನಿ ಅಂಗಡಿ. ಅಪ್‌ಲೋಡ್ಸ್ ಅನ್ನೋ ಫೋಲ್ಡರಿನಲ್ಲಿ, 2016ರ ವಾರ್ಷಿಕೋತ್ಸವದ ಫೋಟೊಗಳ ಮಧ್ಯೆ ಒಂದು ಪಿಎಚ್‌ಪಿ ಫೈಲು, ಅಂದರೆ ಕೋಡು. ಫೋಟೊ ಇರೋ ಜಾಗದಲ್ಲಿ ಅದಕ್ಕೇನು ಕೆಲಸ? ಬಳಕೆದಾರರ ಪಟ್ಟಿಯಲ್ಲಿ ಇಬ್ಬರು ಅಡ್ಮಿನ್, ಒಬ್ಬರು ಯಾರು ಅಂತ ಮೇಷ್ಟ್ರಿಗೇ ಗೊತ್ತಿಲ್ಲ.

"ಮತ್ತೆ ಆ ಹುಡುಗನ್ನ ಬೈಬೇಕಾ?" ಅಂದರು. ಬೈಯೋದಕ್ಕೆ ಅವನಿಗೆ ಕೊಟ್ಟಿದ್ದಾದರೂ ಎಷ್ಟು? ಮಾಡಿಕೊಟ್ಟ ದಿನ ಕೊಟ್ಟದ್ದು ಬಿಟ್ಟರೆ, ಆಮೇಲೆ ನೋಡಿಕೋ ಅಂತ ಯಾರೂ ನಯಾಪೈಸೆ ಕೊಟ್ಟಿಲ್ಲ. ಇದನ್ನ ಬಾಯಿಬಿಟ್ಟು ಹೇಳಲಿಲ್ಲ, ಅವರ ಪೆನ್ಶನ್ ಎಷ್ಟು ಅಂತ ಗೊತ್ತು.

ರಾಯರಿಗೆ ಫೋನ್ ಮಾಡ್ತಾರಾ? ಹೊರಡುವಾಗ ಕೇಳಿದೆ. "ಅವನೇ ಮಾಡಲಿ" ಅಂದರು. ಸರಿ ಹೋಯ್ತು.

ಈಗ ಹನ್ನೊಂದು ದಾಟಿದೆ. ಥೀಮ್ ಕಿತ್ತೆಸೆದು ಪಾಸ್‌ವರ್ಡೆಲ್ಲ ಬದಲಾಯಿಸಿದೆ. ಉಳಿದಿರೋದು ವಾಚನಗಳ ಧ್ವನಿಮುದ್ರಿಕೆ ನುಡಿಸುವ ಹಳೇ ಪ್ಲಗಿನ್. ಬರೆದಾತ ಕೈಬಿಟ್ಟು ಕಾಲವಾಯಿತು, ಅದನ್ನ ಇಟ್ಟುಕೊಳ್ಳೋ ಹಾಗೇ ಇಲ್ಲ. ವರ್ಡ್‌ಪ್ರೆಸ್‌ಗೇ ಆಡಿಯೊ ಪ್ಲೇಯರ್ ಇದೆ, ಅದಕ್ಕೆ ಸಾಗಿಸಬಹುದು. ಆದರೆ ಅರ್ಧಕ್ಕರ್ಧ ಹೆಸರುಗಳು ಯೂನಿಕೋಡ್‌ಗೆ (ಎಲ್ಲ ಕಡೆ ಒಂದೇ ಥರ ಓದಿಸೋ ಅಕ್ಷರಸಂಕೇತ) ಮುಂಚಿನ ನುಡಿ ಫಾಂಟಿನವು, ಪರದೆಯ ಮೇಲೆ ಕಳ್ಳ ಕೋಡಿನಷ್ಟೇ ಕಲಸುಮೇಲೋಗರ. ಒಂದನ್ನ ಅಳಿಸೋಕೆ ಹೋಗಿ ನಿಲ್ಲಿಸಿದೆ, ನೋಡಿದರೆ ಅದು ವಾರ್ಧಕ ಷಟ್ಪದಿ. ಮೊದಲು ಹೆಸರುಗಳನ್ನ ಯೂನಿಕೋಡ್ ಮಾಡಿಕೊಂಡು ಆಮೇಲೆ ಪ್ಲಗಿನ್ ತೆಗೆಯೋದಾ, ಇಲ್ಲಾ ಇವತ್ತೇ ತೆಗೆದು, ಎರಡು ಮೂರು ವಾರ ಯಾರ ದನಿಯೂ ಕೇಳಿಸಲ್ಲ ಅಂತ ಮೇಷ್ಟ್ರಿಗೆ ಹೇಳಿಬಿಡೋದಾ, ಹೇಳಿದರೆ ಅವರು ಮತ್ತೆ ರಾಯರ ಮಗನ ಮೇಲೇ