ಹಿಡ್ಕೊಂಡಿಲ್ಲ, ಇಟ್ಕೊಂಡಿದಾರೆ

ಭಾನುವಾರ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಇಳಿದಿಲ್ಲ. "ಮೇಡಂ, ಇವರು ಗುರಾಣಿ ಹಿಡ್ಕೊಂಡಿಲ್ಲ. ಇಟ್ಕೊಂಡಿದಾರೆ."

ನಾಣ್ಯ ಪ್ರದರ್ಶನದ ಕೊನೆಯ ದಿನ ಅದು. ರೋಮನ್ ಬೆಳ್ಳಿ ನಾಣ್ಯಗಳ ಮೇಜಿನ ಹತ್ತಿರ ನಿಂತು ಬಂದವರಿಗೆ ವಿವರಿಸುವ ಕೆಲಸ ನನ್ನದು. ಮೇಜಿನ ಮೇಲೆ ಯುದ್ಧದ ಗುರುತುಗಳೇ ಜಾಸ್ತಿ. ರೋಮಿನ ಸೇನಾಪತಿ ಮಾರ್ಕ್ ಆಂಟನಿ ತನ್ನ ಸೈನಿಕರಿಗಾಗಿ ಹೊಡೆಸಿದ ದಿನಾರಿಯಸ್ ಅನ್ನುವ ಬೆಳ್ಳಿ ನಾಣ್ಯ ಇತ್ತು. ಒಂದು ಕಡೆ ಯುದ್ಧದ ಹಡಗು. ಇನ್ನೊಂದು ಕಡೆ ಹದ್ದು, ಅದರ ಎಡಬಲಕ್ಕೆ ದಂಡಿನ ಧ್ವಜಕಂಬಗಳು, ಜೊತೆಗೆ ಪಡೆಯ ನಂಬರು. ಪಕ್ಕದಲ್ಲಿ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಒಂದು ನಾಣ್ಯ. ಈಗಿನ ಇರಾನ್ ಕಡೆಯ ಪಾರ್ಥಿಯಾ ರಾಜ್ಯದವನೊಬ್ಬ ಮಂಡಿಯೂರಿ, ಹಿಂದೆ ಗೆದ್ದುಕೊಂಡಿದ್ದ ರೋಮನ್ ಧ್ವಜವನ್ನು ವಾಪಸ್ ಕೊಡುತ್ತಿದ್ದಾನೆ. ಇಂಥವನ್ನು ಓದುವುದು ಸುಲಭ. ಯಾರು ಗೆದ್ದರು, ಯಾರು ಬಗ್ಗಿದರು ಅಂತ ಮಕ್ಕಳೂ ಹೇಳುತ್ತಾರೆ.

ಮೂರನೆಯದು ನಮ್ಮವರಿಗೆ ಹತ್ತಿರದ ನಾಣ್ಯ. ಅಗಸ್ಟಸ್‌ನದೇ. ಈಗಿನ ಫ್ರಾನ್ಸಿನ ಲಿಯೋನ್ ಊರಿನಲ್ಲಿ, ಕ್ರಿ.ಪೂ. 2ರ ಸುಮಾರಿಗೆ ಟಂಕಿಸಲು ಶುರು ಮಾಡಿದ್ದು. ತೂಕ ನಾಲ್ಕು ಗ್ರಾಂಗಿಂತ ಒಂಚೂರು ಕಡಿಮೆ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಇದೇ ಜಾತಿಯದು ಬಹಳ. 1891ರಲ್ಲಿ ಯಶವಂತಪುರದಲ್ಲಿ 163 ಬೆಳ್ಳಿ ನಾಣ್ಯ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್ ಮತ್ತು ಅವನ ನಂತರದ ಚಕ್ರವರ್ತಿ ಟೈಬೀರಿಯಸ್ ನಾಣ್ಯಗಳು ಸಿಕ್ಕಿವೆ. ಮುಂದೆ ಬಂದ ನೀರೋ ಚಕ್ರವರ್ತಿ ಬೆಳ್ಳಿಯನ್ನು ಕಲಬೆರಕೆ ಮಾಡುವುದಕ್ಕೆ ಮೊದಲಿನ ನಾಣ್ಯಗಳಿವು. ನಮ್ಮ ಕಡೆಯ ವ್ಯಾಪಾರಿಗಳಿಗೆ ಒಳ್ಳೇ ಬೆಳ್ಳಿ ಬೇಕಿತ್ತು. ಮುಖ ಯಾರದಾದರೇನು ಅವರಿಗೆ?

ಅದರ ಹಿಂಬದಿಯಲ್ಲಿ ಇಬ್ಬರು ನಿಂತಿದ್ದಾರೆ. ನಡುವೆ ಎರಡು ದುಂಡು ಗುರಾಣಿ, ಎರಡು ಈಟಿ. ವರ್ಷಗಳಿಂದ ಇದನ್ನು ನಾನು "ಯುದ್ಧಕ್ಕೆ ಸಜ್ಜಾದ ಇಬ್ಬರು ರಾಜಕುಮಾರರು" ಅಂತಲೇ ಹೇಳಿಕೊಂಡು ಬಂದಿದ್ದೆ. ಮೇಜಿನ ಮೇಲಿನ ಚೀಟಿಯಲ್ಲೂ ಹಾಗೇ ಬರೆದಿದ್ದೆ.

ಬೆಳಗ್ಗೆಯಿಂದ ಬಂದವರಲ್ಲಿ ಅರ್ಧ ಜನ "ಇದಕ್ಕೆ ಎಷ್ಟು ಬರುತ್ತೆ?" ಅಂತ ಕೇಳಿ ಹೋದರು. ನನಗೆ ಈ ಪ್ರಶ್ನೆ ಆಗುವುದೇ ಇಲ್ಲ. ಎರಡು ಸಾವಿರ ವರ್ಷದ ವಸ್ತು ಕಣ್ಣೆದುರು ಇದೆ, ಒಂದು ನಿಮಿಷ ನೋಡಿ, ಆಮೇಲೆ ಬೆಲೆ ಕೇಳಿ. ಆಮೇಲೆ ಬಂದ ಒಬ್ಬ ಹಿರಿಯರು ಮಾತ್ರ ಏನೂ ಕೇಳಲಿಲ್ಲ. ಹಾಸನದ ಕಡೆಯವರು, ಸೈನ್ಯದಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಭೂತಗನ್ನಡಿ ಕೊಟ್ಟೆ. ಬಗ್ಗಿ ತುಂಬಾ ಹೊತ್ತು ನೋಡಿದರು. ಆಮೇಲೆ ಆ ಮಾತು ಹೇಳಿದರು.

"ಹಿಡ್ಕೊಂಡಿಲ್ಲ, ಇಟ್ಕೊಂಡಿದಾರೆ. ನೋಡಿ, ಗುರಾಣಿ ನೆಲದ ಮೇಲಿದೆ. ಬರೀ ಕೈ ಇಟ್ಟಿದಾರೆ ಅಷ್ಟೇ. ಬಟ್ಟೆನೂ ಯುದ್ಧದ್ದಲ್ಲ."

ನಾನು ಬಗ್ಗಿ ನೋಡಿದೆ. ನಿಜ. ಇಬ್ಬರೂ ಉಟ್ಟಿರುವುದು ಟೋಗಾ, ಊರೊಳಗೆ, ಸಭೆಯಲ್ಲಿ ಉಡುವ ಬಟ್ಟೆ. ಕವಚ ಇಲ್ಲ, ಶಿರಸ್ತ್ರಾಣ ಇಲ್ಲ. ಮೇಲೆ ಪುಟ್ಟದಾಗಿ ಎರಡು ಗುರುತು. ಒಂದು ನಮ್ಮ ಪೂಜೆಯ ಉದ್ಧರಣೆಯಂಥ ಸೌಟು, ಇನ್ನೊಂದು ಶಕುನ ನೋಡುವವರ ಬಾಗಿದ ಕೋಲು. ಇಬ್ಬರಿಗೂ ಇದ್ದ ಪುರೋಹಿತ ಪದವಿಗಳ ಗುರುತು ಅವು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ "ಯುದ್ಧಕ್ಕೆ ಸಜ್ಜಾದ" ಅಂತ ಬರೆದಿದ್ದೆ. ಈಟಿ ಕಂಡ ಕೂಡಲೇ ಯುದ್ಧ ಅಂದುಕೊಂಡುಬಿಡುತ್ತೇವೆ.

"ಹಾಗಾದ್ರೆ ಇದನ್ನ ಯಾರೋ ಕೊಟ್ಟಿರಬೇಕು" ಅಂದರು ಅವರು. "ಮೆಡಲ್ ಥರ."

ನನಗೆ ಮೈ ಜುಮ್ಮೆಂದಿತು. ಕೊಟ್ಟಿದ್ದೇ ಅದು! ರೋಮಿನ ಕುದುರೆ ಸವಾರರ ವರ್ಗ ಈ ಇಬ್ಬರು ಹುಡುಗರನ್ನು "ಯುವಜನರ ನಾಯಕ" ಅಂತ ಕರೆದು ಬೆಳ್ಳಿಯ ಗುರಾಣಿ, ಬೆಳ್ಳಿಯ ಈಟಿ ಉಡುಗೊರೆ ಕೊಟ್ಟಿತು. ಅಗಸ್ಟಸ್ ತನ್ನ ಸಾಧನೆಗಳ ಶಾಸನದಲ್ಲಿ ತಾನೇ ಬರೆಸಿದ್ದಾನೆ. ನಾನು ಪುಸ್ತಕದಲ್ಲಿ ಓದಿ ತಿಳಿದುಕೊಂಡಿದ್ದನ್ನು ಈ ಮನುಷ್ಯ ನಿಂತ ಭಂಗಿ ನೋಡಿ ಹೇಳಿಬಿಟ್ಟರು.

ಆಮೇಲೆ ಅವರಿಗೆ ಹುಡುಗರ ಕಥೆ ಹೇಳದೆ ಇರಲು ಆಗಲಿಲ್ಲ. ದೊಡ್ಡವನು ಗಾಯಸ್, ಚಿಕ್ಕವನು ಲೂಸಿಯಸ್. ಅಗಸ್ಟಸ್‌ನ ಮಗಳು ಜೂಲಿಯಾಳ ಮಕ್ಕಳು. ಪಾರ್ಥಿಯಾದವರು ಧ್ವಜ ವಾಪಸ್ ಕೊಟ್ಟ ಕ್ರಿ.ಪೂ. 20ರಲ್ಲೇ ಗಾಯಸ್ ಹುಟ್ಟಿದ್ದು. ತಾತನಿಗೆ ಗಂಡುಮಕ್ಕಳಿರಲಿಲ್ಲ. ಮೊಮ್ಮಕ್ಕಳನ್ನು ದತ್ತು ತೆಗೆದುಕೊಂಡ. ಅದಕ್ಕೊಂದು ಶಾಸ್ತ್ರವಿತ್ತು. ತಕ್ಕಡಿ ಇಟ್ಟು, ಒಂದು ತಾಮ್ರದ ಕಾಸು ಕೊಟ್ಟು, ಅಪ್ಪನಿಂದ ಮಕ್ಕಳನ್ನು ಕೊಂಡಂತೆ ಮಾಡಬೇಕು. ಹಾಗೇ ಮಾಡಿದ. ಓದು ಬರಹ ತಾನೇ ಕಲಿಸಿದ. ತನ್ನ ಅಕ್ಷರದ ಹಾಗೇ ಅವರೂ ಬರೆಯಬೇಕು ಅಂತ ಅವನಿಗೆ ಬಲು ಆಸೆ.

ಅಗಸ್ಟಸ್ ಮೇಲೆ ನನಗೆ ಪ್ರೀತಿಯಿಲ್ಲ, ಇದನ್ನು ಹೇಳಲೇಬೇಕು. ಈ ನಾಣ್ಯದ ಮುಂಬದಿಯಲ್ಲಿ ಅವನ ಮುಖದ ಸುತ್ತ "ದೇಶದ ತಂದೆ" ಅಂತ ಬರೆದಿದೆ. ಆ ಬಿರುದು ಸಿಕ್ಕಿದ್ದು ಕ್ರಿ.ಪೂ. 2ರಲ್ಲಿ. ಅದೇ ವರ್ಷ ಅವನು ಹೆತ್ತ ಮಗಳು ಜೂಲಿಯಾಳನ್ನು ಒಂದು ಸಣ್ಣ ದ್ವೀಪಕ್ಕೆ ಗಡೀಪಾರು ಮಾಡಿದ. ಮಕ್ಕಳ ಚಿತ್ರ ನಾಣ್ಯದ ಮೇಲೆ, ತಾಯಿ ಸಮುದ್ರದ ನಡುವೆ. ಹಿಂದೆಮುಂದೆ ತಿರುಗಿಸಿದಾಗಲೆಲ್ಲ ನನಗೆ ಅಲ್ಲಿ ಇಲ್ಲದ ಅವಳೇ ನೆನಪಾಗುತ್ತಾಳೆ.

ಆದರೂ ಅವನ ಒಂದು ಕಾಗದ ಓದಿದಾಗ ಮನಸ್ಸು ಕರಗುತ್ತದೆ. ಗಾಯಸ್ ದೂರದಲ್ಲಿ, ಪೂರ್ವದ ಗಡಿಯ ಕಡೆ ದಂಡಿನ ಜೊತೆ ಹೋಗಿದ್ದಾಗ, ಅಗಸ್ಟಸ್ ತನ್ನ ಹುಟ್ಟುಹಬ್ಬದ ದಿನ ಅವನಿಗೆ ಬರೆದದ್ದು. ಅವನನ್ನು ಮುದ್ದಿನ ಕತ್ತೆಮರಿ ಅಂತ ಕರೆಯುತ್ತಾನೆ. ನೀನು ಹತ್ತಿರ ಇಲ್ಲದಾಗಲೆಲ್ಲ ನಿನ್ನದೇ ಹಂಬಲ ಅನ್ನುತ್ತಾನೆ. ಮುದುಕರಿಗೆಲ್ಲ ಗಂಡಾಂತರವಾದ ಅರವತ್ತಮೂರನೇ ವರ್ಷ ದಾಟಿದೆ ಅನ್ನುತ್ತಾನೆ. ನೀವಿಬ್ಬರೂ ನನ್ನ ಜಾಗಕ್ಕೆ ಬರಬೇಕು ಅಂತ ಮುಗಿಸುತ್ತಾನೆ. ಆ "ಜಾಗ" ಅನ್ನುವುದಕ್ಕೆ ಅವನು ಬಳಸಿದ ಪದ ಸೈನಿಕ ಕಾವಲು ನಿಲ್ಲುವ ಜಾಗದ್ದು.

"ಪೋಸ್ಟ್" ಅಂದರು ಹವಾಲ್ದಾರರು ತಕ್ಷಣ. "ನಾವು ಪೋಸ್ಟ್ ಅಂತೀವಿ."

ಸ್ವಲ್ಪ ಹೊತ್ತು ಬಿಟ್ಟು, "ನನ್ನ ಮಗನೂ ಈಗ ಪೋಸ್ಟ್ ಮೇಲಿದಾನೆ ಮೇಡಂ. ಲೇಹ್‌ನಿಂದ ಇನ್ನೂ ಮೇಲೆ. ಮಾತಾಡಿ ಹನ್ನೊಂದು ದಿನ ಆಯ್ತು. ಅಲ್ಲಿ ಸಿಗ್ನಲ್ ಸಿಗಲ್ಲ." ಐದು ವರ್ಷದವನಿದ್ದಾಗ ಅವನಿಗೆ ತಮ್ಮ ಟೋಪಿ ಹಾಕಿಸಿ, ಕೈಗೆ ಕೋಲು ಕೊಟ್ಟು ಫೋಟೊ ತೆಗೆಸಿದ್ದರಂತೆ. ಆ ಫೋಟೊ ಇವತ್ತಿಗೂ ಹಾಲ್‌ನಲ್ಲಿದೆಯಂತೆ.

"ಈ ಹುಡುಗರು ಏನಾದ್ರು?"

ಹೇಳುವುದೋ ಬೇಡವೋ ಅಂತ ತಡವರಿಸಿದೆ. ಸುಳ್ಳು ಹೇಳಲು ಆಗಲಿಲ್ಲ. ಲೂಸಿಯಸ್ ಸ್ಪೇನಿನ ಸೈನ್ಯದ ಕಡೆ ಹೊರಟವನು ದಾರಿಯಲ್ಲಿ ಮಾರ್ಸೇಲ್‌ನಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಕ್ರಿ.ಶ. 2, ಹದಿನೆಂಟು ವರ್ಷ. ಗಾಯಸ್‌ನನ್ನು ಅರ್ಮೇನಿಯಾದಲ್ಲಿ ಮಾತಿಗೆ ಅಂತ ಕೋಟೆ ಗೋಡೆಯ ಹತ್ತಿರ ಕರೆದು ಗಾಯಪಡಿಸಿದರು. ಅವನಿಗೆ ಎಲ್ಲ ಸಾಕಾಯಿತು. ಅಧಿಕಾರ ಬೇಡ, ಸಾಮಾನ್ಯನಾಗಿ ಸಿರಿಯಾದಲ್ಲೇ ಇದ್ದುಬಿಡುತ್ತೇನೆ ಅಂತ ತಾತನಿಗೆ ಬರೆದ. ತಾತ ಒಪ್ಪಲಿಲ್ಲ, ಇಟಲಿಗೆ ವಾಪಸ್ ಬಾ ಅಂದ. ಬರುವ ದಾರಿಯಲ್ಲಿ ಕ್ರಿ.ಶ. 4ರಲ್ಲಿ ಸತ್ತ.

ಹವಾಲ್ದಾರರು ಏನೂ ಅನ್ನಲಿಲ್ಲ. ಮತ್ತೆ ಭೂತಗನ್ನಡಿ ತೆಗೆದುಕೊಂಡು ನೋಡಿದರು. ಫೋನಿನಲ್ಲಿ ನಾಣ್ಯದ ಫೋಟೊ ತೆಗೆದು ಮಗನಿಗೆ ಕಳಿಸಿದರು. ಒಂದೇ ಟಿಕ್ ಬಂತು.

ಸಂಜೆ ಚೀಟಿ ಬದಲಾಯಿಸಿದೆ. "ಯುದ್ಧಕ್ಕೆ ಸಜ್ಜಾದ" ಅನ್ನುವುದನ್ನು ತೆಗೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕು ಅಂತ ತುಂಬಾ ಹೊತ್ತು ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ ಅದೇ ಚಿತ್ರ ಕಣ್ಣ ಮುಂದೆ. ಈಟಿ ಎರಡೂ ಗುರಾಣಿಗಳ ಹಿಂದೆ ನಿಂತಿವೆ, ಹುಡುಗರ ಕೈ ಮಾತ್ರ ಗುರಾಣಿಯ ಅಂಚಿನ ಮೇಲೆ ಹಗುರವಾಗಿದೆ. ಪಕ್ಕದ ಮನೆಯವರ ಸಾಮಾನಿನ ಮೇಲೆ ಮಕ್ಕಳು ಕೈ ಇಟ್ಟ ಹಾಗೆ. ಯಶವಂತಪುರದಲ್ಲಿ ಆ ಬೆಳ್ಳಿ ಹೂತಿಟ್ಟವರಿಗೆ ಇವರು ಯಾರಂತ ಕಾಣಿಸಿರಬಹುದು? ದೇವರು ಅಂತಲೋ? ಯಾರೋ ಅಣ್ಣತಮ್ಮಂದಿರು ಅಂತಲೋ?

ನಿನ್ನೆ ಹವಾಲ್ದಾರರು ಫೋನ್ ಮಾಡಿದ್ದರು. ಎರಡು ಟಿಕ್ ಆಗಿದೆಯಂತೆ. ಉತ್ತರ ಇನ್ನೂ ಬಂದಿಲ್ಲವಂತೆ.

"ಮೇಡಂ, ಆ ಚಿಕ್ಕವನ ಹೆಸರು ಏನಂದ್ರಿ?"

"ಲೂಸಿಯಸ್."

"ಒಂದು ನಿಮಿಷ ಇರಿ, ಬರ್ಕೊತೀನಿ" ಅಂದರು.