ಊರು ಪುರಸಭೆಗೆ ಸೇರುವ ಮುಂಚೆ ಖಾತೆ ನೋಡಿಕೊಳ್ಳಿ

ಹಳ್ಳಿಯನ್ನು ಪಕ್ಕದ ಪಟ್ಟಣಕ್ಕೆ ಸೇರಿಸುವ ಕರಡು ಅಧಿಸೂಚನೆ ಬಂತೆಂದರೆ ಊರವರ ಮಾತೆಲ್ಲ ಕಂದಾಯ ಎಷ್ಟು ಏರುತ್ತದೆ ಎನ್ನುವುದರ ಸುತ್ತಲೇ. ಕಂದಾಯ ಏರುವುದು ಖಂಡಿತ. ಆದರೆ ಜನರನ್ನು ವರ್ಷಗಟ್ಟಲೆ ಅಲೆಸುವುದು ಖಾತೆ, ಅಂದರೆ ಸ್ವತ್ತು ಯಾರ ಹೆಸರಿನಲ್ಲಿದೆ ಎಂಬ ದಾಖಲೆ. ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರಿಗೆ ಯಾವ ಮನೆ ಯಾರದೆಂದು ಬಾಯಲ್ಲೇ ಗೊತ್ತು. ಪುರಸಭೆಗೆ ಹೋಗುವುದು ರಿಜಿಸ್ಟರ್ ಮಾತ್ರ, ಬಿಲ್ ಕಲೆಕ್ಟರನ ನೆನಪಲ್ಲ.

ಕಂದಾಯ ಬರೆದಿಡುವ ಹಳೆಯ ಡಿಮ್ಯಾಂಡ್ ರಿಜಿಸ್ಟರುಗಳಲ್ಲಿ ಎಷ್ಟೋ ಮನೆಗಳಿಗೆ ನಂಬರು, ಹೆಸರು, ಕಂದಾಯದ ಮೊತ್ತ ಬಿಟ್ಟರೆ ಏನೂ ಇರುವುದಿಲ್ಲ. ಉದ್ದಗಲವಿಲ್ಲ, ನಾಲ್ಕು ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿಯಿಲ್ಲ. ಹಿತ್ತಿಲು, ಕಣ, ತಿಪ್ಪೆ ಜಾಗ ತಲೆಮಾರುಗಳಿಂದ ಅನುಭವದಲ್ಲಿದ್ದರೂ ಪುಸ್ತಕಕ್ಕೆ ಏರಿಲ್ಲ. ತೀರಿಕೊಂಡ ತಾತನ ಹೆಸರೇ ಇನ್ನೂ ನಡೆಯುತ್ತಿರುತ್ತದೆ. ಹಾಗಾಗಿ ಮೊದಲ ಕೆಲಸ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಣ್ಣತಮ್ಮಂದಿರು ಭಾಗವಾಗಿದ್ದರೆ ನೋಂದಾಯಿತ ವಿಭಾಗಪತ್ರ. ಆಮೇಲೆ ಸರ್ವೆ ಇಲಾಖೆಯ ಮೋಜಿಣಿ ತಂತ್ರಾಂಶದ ಮೂಲಕ ಸರ್ವೆಗೆ ಅರ್ಜಿ ಹಾಕಿ ಗ್ರಾಮಠಾಣಾ (ಊರೊಳಗಿನ ಮನೆಗಳ ಜಾಗದ) ನಕ್ಷೆ ಪಡೆಯಬೇಕು. ಅಳತೆಯ ದಿನ ನಾಲ್ಕೂ ದಿಕ್ಕಿನ ನೆರೆಯವರು ಸ್ಥಳದಲ್ಲಿರುವಂತೆ ನೋಡಿಕೊಳ್ಳಿ. ತಕರಾರು ಹುಟ್ಟುವುದೇ ಅಲ್ಲಿ, ಕೂತು ಮಾತಾಡಿ ಮುಗಿಸಲು ಸುಲಭವಾದ ಜಾಗವೂ ಅದೇ.

ಎಲ್ಲ ಸರಿಯಿದ್ದರೆ ಪಂಚಾಯಿತಿ ಸ್ವತ್ತುಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಎಂಬ ಖಾತೆ ಪತ್ರಗಳು ಸಿಗುತ್ತವೆ. ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಆಗದ ಕಂದಾಯ ಜಮೀನಿನ ನಿವೇಶನಕ್ಕೆ ಸಿಗುವುದು 11ಬಿ. ಪಟ್ಟಣಕ್ಕೆ ಸೇರಿದ ಮಾತ್ರಕ್ಕೆ 11ಬಿ ಸ್ವತ್ತು ಎ ಖಾತೆ, ಅಂದರೆ ಪಟ್ಟಣದ ಪೂರ್ಣ ಕ್ರಮಬದ್ಧ ಖಾತೆ, ಆಗುವುದಿಲ್ಲ. ದಲ್ಲಾಳಿಗಳು ಇದೇ ಆಸೆ ತೋರಿಸಿ ಸೈಟು ಮಾರುತ್ತಾರೆ, ನಂಬಬೇಡಿ. ಹೊಲಕ್ಕೂ ಇದೇ ಮಾತು: ಪಹಣಿ ತಹಶೀಲ್ದಾರರ ಬಳಿಯೇ ಉಳಿಯುತ್ತದೆ, ಪಟ್ಟಣಕ್ಕೆ ಸೇರಿದ ಮಾತ್ರಕ್ಕೆ ಭೂಪರಿವರ್ತನೆ ಆದಂತಲ್ಲ.

ಕೈತಪ್ಪಿ ಹೋಗುವ ಸೌಲಭ್ಯಗಳೂ ಉಂಟು. ಉದ್ಯೋಗ ಖಾತ್ರಿ ಕೆಲಸ ಗ್ರಾಮೀಣ ಪ್ರದೇಶಕ್ಕೆ ಮಾತ್ರ, ಆದ್ದರಿಂದ ಜಾಬ್ ಕಾರ್ಡ್ ನಿಲ್ಲುತ್ತದೆ. ಗ್ರಾಮಸಭೆಯೂ ಇಲ್ಲ. ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಪಟ್ಟಣದಲ್ಲಿ ನಿಮ್ಮ ಇಡೀ ಊರು ಒಂದು ವಾರ್ಡಿನ ತುಂಡಾಗಬಹುದು.

ಬದಲಿಗೆ ಬರುವ ಸೌಲಭ್ಯದ ವೇಗ ತಿಳಿಯಲು ಬೆಂಗಳೂರಿನ ಅಂಚಿನ 110 ಹಳ್ಳಿಗಳನ್ನು ನೋಡಿ. ಅವು ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಅವುಗಳಿಗೆಂದು ರೂಪಿಸಿದ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಕುಡಿಯುವ ನೀರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ 17 ವರ್ಷಗಳಲ್ಲಿ ಅಲ್ಲಿನ ಎಷ್ಟೋ ಜನ ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರಿನ ಮೇಲೆ. ಇದು ಅನ್ಯಾಯ, ಇನ್ನೊಂದು ಊರಿಗೆ ಹೀಗಾಗಬಾರದು.

ಅದಕ್ಕೇ ಊರಿನ ನೀರಿನ ವ್ಯವಸ್ಥೆಯನ್ನು ಬರಹದಲ್ಲಿ ಹಸ್ತಾಂತರಿಸಬೇಕು. ಪಂಚಾಯಿತಿಯ ಕೊನೆಯ ಸಭೆಗಳಲ್ಲೇ ಠರಾವು ಮಾಡಿಸಿ: ಪ್ರತಿ ಬೋರ್‌ವೆಲ್ ಇರುವ ಜಾಗ, ಆಳ, ಮೋಟಾರಿನ ಎಚ್‌ಪಿ, ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರು, ಓವರ್‌ಹೆಡ್ ಟ್ಯಾಂಕಿನ ಅಳತೆ, ವಾಲ್ವ್‌ಗಳ ಸ್ಥಳ. ವಾಲ್ವ್ ಎಲ್ಲಿದೆ, ಯಾವ ಬೀದಿಗೆ ಯಾವಾಗ ತಿರುಗಿಸಬೇಕು ಎನ್ನುವುದು ಊರಿಗೆ ನೀರು ಬಿಡುವ ನೀರುಗಂಟಿಗೆ ಮಾತ್ರ ಗೊತ್ತಿರುತ್ತದೆ. ಅವರನ್ನು ಜೊತೆಗೆ ಕರೆದುಕೊಂಡು ನಡೆದು ನಕ್ಷೆ ಬರೆಸಿ, ಅವರ ಕೆಲಸ ಮುಂದುವರಿಸುವ ಮಾತನ್ನೂ ಅದೇ ಠರಾವಿನಲ್ಲಿ ಸೇರಿಸಿ. ಪಂಪಿನ ಕರೆಂಟ್ ಬಿಲ್ ಬಾಕಿಯಿದ್ದರೆ ಮೊದಲೇ ತೀರಿಸಿ. ಬಾಕಿ ಯಾರದು ಎಂಬ ಜಗಳ ಬಿದ್ದರೆ ಸಂಪರ್ಕ ಕಡಿತವಾಗಿ ಒಣಗುವುದು ಊರಿನ ನಲ್ಲಿ. ಠರಾವಿನ ದೃಢೀಕೃತ ಪ್ರತಿಗಳನ್ನು ಪುರಸಭೆಯ ಮುಖ್ಯಾಧಿಕಾರಿಗೂ ತಹಶೀಲ್ದಾರರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಲೀನಕ್ಕೇ ಆಕ್ಷೇಪಣೆ ಇದ್ದರೆ ಕರಡಿನಲ್ಲಿ ನಮೂದಿಸಿದ ಗಡುವಿನೊಳಗೆ, ಸರ್ವೆ ನಂಬರ್ ಸಮೇತ ಲಿಖಿತವಾಗಿ ಸಲ್ಲಿಸಿ.