ಡೌನಿಯ ಸ್ಪೀಡಿ

21 ಸೆಪ್ಟೆಂಬರ್ 2024, ಶನಿವಾರ ರಾತ್ರಿ

ಕೊನೆಗೂ ಮಾವನವರನ್ನು ಲಾಸ್ ಏಂಜಲೀಸ್ ಹತ್ತಿರದ ಡೌನಿಗೆ ಕರೆದುಕೊಂಡು ಹೋದೆ. ಈರುಳ್ಳಿಯನ್ನೂ ಮುಟ್ಟದವರಿಗೆ ಮೆಕ್‌ಡೊನಾಲ್ಡ್ಸ್ ಯಾಕೆ ಅಂತ ಇವರು ರಾಗ ತೆಗೆದರು. ತಿನ್ನೋಕಲ್ಲ, ಬೋರ್ಡು ನೋಡೋಕೆ!

ಲೇಕ್‌ವುಡ್ ಬೊಲೆವಾರ್ಡಿನ ಆ ಮೂಲೆ. 60 ಅಡಿ ಎತ್ತರದ ಬೋರ್ಡು, ಒಂಟಿ ಹಳದಿ ಕಮಾನು, ಮೇಲೆ ಕಂಪನಿಯ ಹಳೇ ಗುರುತಿನ ಗೊಂಬೆ ಸ್ಪೀಡಿ. ಅಡುಗೆಯವನ ಟೋಪಿ, ಮುಖವೇ ಹ್ಯಾಂಬರ್ಗರ್. ಅವರ ಕೋಡಂಗಿ ರೊನಾಲ್ಡ್‌ಗಿಂತ ಹಿಂದಿನವನು, ಈಗಿನ ಮಕ್ಕಳಿಗೆ ಗೊತ್ತಿಲ್ಲ. ಕತ್ತಲಾದಂತೆ ಅವನ ಕಾಲು ಓಡತೊಡಗಿತು. ಒಂದು ಜೊತೆ ಕಾಲಿನ ನಿಯಾನ್ ಟ್ಯೂಬ್ ಆರಿದ ಕೂಡಲೇ ಇನ್ನೊಂದು ಜೊತೆ ಹೊತ್ತುತ್ತೆ, ಅಷ್ಟೇ. ಆದರೆ ಅಂಥ ಒಂದೊಂದು ಟ್ಯೂಬನ್ನೂ ಬೆಂಕಿಯಲ್ಲಿ ಕಾಯಿಸಿ ಕೈಯಾರೆ ಬಗ್ಗಿಸಬೇಕು.

"ಇಷ್ಟು ದೊಡ್ಡ ಕಂಪನಿ, ಹಳೇ ಬೋರ್ಡು ಯಾಕಮ್ಮಾ ಇಟ್ಕೊಂಡಿದೆ?" ಅಂದರು ಮಾವ.

ಆಗ ಇದು ಕಂಪನಿಯ ಕೈಯಲ್ಲೇ ಇರಲಿಲ್ಲ ಮಾವ, ಅಂದೆ. ಅಂಗಡಿ ತೆರೆದದ್ದು 1953ರಲ್ಲಿ. ಮುಂದೆ ಕಂಪನಿಯನ್ನು ದೊಡ್ಡದು ಮಾಡಿದ ರೇ ಕ್ರಾಕ್ ಬರುವ ಮೊದಲೇ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು ನೇರವಾಗಿ ಕೊಟ್ಟ ಫ್ರಾಂಚೈಸಿ. ಬೋರ್ಡು 1959ರದು. ಉಳಿದ ಕಡೆ ಕಂಪನಿ ಹೇಳಿದಂತೆ ಹೊಸ ವೇಷ ಬಂತು, ಇಲ್ಲಿ ಆ ಮಾತು ನಡೆಯಲಿಲ್ಲ. 1990ರಲ್ಲಿ ಕಂಪನಿ ಕೊಂಡುಕೊಂಡಿತು. 1994ರ ನಾರ್ತ್‌ರಿಡ್ಜ್ ಭೂಕಂಪದ ನಂತರ ಬಾಗಿಲು ಹಾಕಿ, ಕೆಡವುವ ಯೋಚನೆಗೂ ಬಂತು. ಹಳೆ ಕಟ್ಟಡ ಉಳಿಸುವವರು, ಊರವರು ಪಟ್ಟು ಹಿಡಿದರು. 1996ರಲ್ಲಿ ಮತ್ತೆ ತೆರೆಯಿತು.

ಮಾವ ಕತ್ತೆತ್ತಿ ನೋಡುತ್ತಲೇ ಇದ್ದರು. "ಅಂದ್ರೆ ಅಷ್ಟು ವರ್ಷ ಯಾರೂ ಉಳಿಸಲಿಲ್ಲ. ತಾನಾಗೇ ಉಳೀತು, ಅಲ್ವಾ?"

ಹೌದಲ್ವಾ. ಅದೇ ಭಯ ನನಗೆ. ಆರ್ಕನ್ಸಾ ರಾಜ್ಯದ ಪೈನ್ ಬ್ಲಫ್‌ನಲ್ಲಿರುವ ಮೆಕ್‌ಡೊನಾಲ್ಡ್ಸ್‌ನ 1962ರ ಒಂಟಿ ಕಮಾನಿನ ಬೋರ್ಡು ಸರ್ಕಾರದ ಐತಿಹಾಸಿಕ ಪಟ್ಟಿಯಲ್ಲಿದೆ, ಸರಿ. ಅಲ್ಲಲ್ಲಿ ನಿಂತಿರುವ ಆರ್ಬೀಸ್ ಸ್ಯಾಂಡ್‌ವಿಚ್ ಅಂಗಡಿಗಳ ದೊಡ್ಡ ಕೌಬಾಯ್ ಟೋಪಿ ಬೋರ್ಡುಗಳ ಗತಿ? ಟ್ಯೂಬ್ ಒಡೆಯುತ್ತೆ, ರಿಪೇರಿ ಖರ್ಚು ಕೇಳಿ ಮಾಲೀಕ ಬೆಚ್ಚಿಬೀಳ್ತಾನೆ, ಪ್ಲಾಸ್ಟಿಕ್ ಬೋರ್ಡು ಬರುತ್ತೆ. ಕೆಟ್ಟ ಉದ್ದೇಶ ಯಾರಿಗೂ ಇರಲ್ಲ. ಸುಮ್ನೆ ಹೋಗಿಬಿಡುತ್ತೆ.

ಇವರು ನಿದ್ದೆ ಹೋಗಿ ಆಯ್ತು. ನಾಳೆ ಇಡ್ಲಿಗೆ ರುಬ್ಬಬೇಕು, ಮರೆತೇ ಹೋಗಿತ್ತು.

ನಮ್ಮ ರಸ್ತೆ ಕೊನೆಯ ಡೋನಟ್ ಅಂಗಡಿಯ ಬೋರ್ಡಿನಲ್ಲೂ ಎರಡು ಅಕ್ಷರ ಹೊತ್ತುತ್ತಿಲ್ಲ. ಅಲ್ಲಿನ ಆಂಟಿಯನ್ನು ಕೇಳಬೇಕು, ಬೋರ್ಡು ಅವರದ್ದೋ ಕಟ್ಟಡದವರದ್ದೋ ಅಂತ. ಅವರದ್ದೇ ಆದರೆ, ಟ್ಯೂಬ್ ಬಗ್ಗಿಸುವವರು ಹತ್ತಿರದಲ್ಲಿ ಯಾರಾದರೂ ಸಿಗ್ತಾರಾ ನೋಡಬೇಕು.